ಗೆಟ್ಟಿಸ್‌ಬರ್ಗಿನ ಕಲ್ಲುಗಳ ನಡುವೆ ಒಂದು ದಿನ

ಪ್ರಶ್ನೆ: ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇನೆ. ಅಲ್ಲಿನ ಅಂತರ್ಯುದ್ಧ ನಡೆದ ಗೆಟ್ಟಿಸ್‌ಬರ್ಗ್ ತೋರಿಸುತ್ತೇನೆ ಅಂದಿದ್ದಾಳೆ. ಸಾವಿರಕ್ಕೂ ಜಾಸ್ತಿ ಸ್ಮಾರಕಗಳಿವೆಯಂತೆ. ಇರುವುದು ಒಂದೇ ದಿನ. ಯಾವುದನ್ನು ನೋಡಲಿ, ಯಾವುದನ್ನು ಬಿಡಲಿ?
- ನಿವೃತ್ತ ಶಿಕ್ಷಕಿ

ಉತ್ತರ: ನಾನು ಅಲ್ಲಿಗೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ ಕಾರಿನಲ್ಲೇ ಸುತ್ತಿದೆ. ಪಾರ್ಕಿನವರು ಗುರುತು ಮಾಡಿದ 16 ತಾಣಗಳಲ್ಲೂ ಇಳಿದು ಫೋಟೊ ತೆಗೆದು ಮುಂದೆ ಹೋದೆ. ಸಂಜೆ ಹೊತ್ತಿಗೆ ಯಾವ ಕಲ್ಲು ಯಾರದು ಎಂಬುದೇ ಕಲಸಿಹೋಗಿತ್ತು. ಎರಡನೇ ಸಲ ನಡೆದೆ. ಆಗಲೇ ಆ ಜಾಗ ನನ್ನೊಡನೆ ಮಾತಾಡಿದ್ದು. ಹಾಗಾಗಿ ನನ್ನ ಸಲಹೆ ಇಷ್ಟೇ: ದೊಡ್ಡ ಸ್ಮಾರಕಗಳನ್ನು ಬೇಗ ದಾಟಿ, ಸಣ್ಣ ಕಲ್ಲುಗಳ ಹತ್ತಿರ ನಿಲ್ಲಿ.

1863ರ ಜುಲೈ 1ರಿಂದ 3ರವರೆಗೆ ಉತ್ತರದ ರಾಜ್ಯಗಳ ಪಡೆಗೂ ದಕ್ಷಿಣದ ರಾಜ್ಯಗಳ ಪಡೆಗೂ ಇಲ್ಲಿ ಯುದ್ಧ ನಡೆಯಿತು. ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಎಲ್ಲ ಸೇರಿ ಸುಮಾರು 51,000. ಊರಿನ ಜನಸಂಖ್ಯೆ ಆಗ 2,400ರ ಆಸುಪಾಸು. ಈ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಿ.

ಉತ್ತರದವರ ರೆಜಿಮೆಂಟಿನ ಸ್ಮಾರಕದ ಎರಡೂ ಪಕ್ಕ, ಸ್ವಲ್ಪ ದೂರದಲ್ಲಿ, ಹುಲ್ಲಿನ ನಡುವೆ ಮೊಣಕಾಲೆತ್ತರವೂ ಇಲ್ಲದ ಎರಡು ಕಲ್ಲುಗಳು ಸಿಗುತ್ತವೆ. ಆ ಪಡೆಯ ಸಾಲು ಎಡಗಡೆ ಎಲ್ಲಿಗೆ ಮುಗಿಯುತ್ತಿತ್ತು, ಬಲಗಡೆ ಎಲ್ಲಿಗೆ ಎಂದು ತೋರಿಸುವ ಗುರುತು ಅವು. ಹೆಚ್ಚಿನವರು ಗಮನಿಸುವುದೇ ಇಲ್ಲ. ನೀವು ಒಂದರಿಂದ ಇನ್ನೊಂದಕ್ಕೆ ನಡೆದು ನೋಡಿ. ಹೆಗಲಿಗೆ ಹೆಗಲು ತಾಗಿಸಿ ನಿಂತ ಆ ಜನ ಎಷ್ಟು ಜಾಗ ತುಂಬಿದ್ದರು ಎಂದು ಕಾಲಿಗೆ ತಿಳಿಯುತ್ತದೆ. ನಾನು ಹಾಗೆ ನಡೆದಾಗ ಸಾಲು ಎಷ್ಟು ಬೇಗ ಮುಗಿದುಹೋಯಿತು ಎಂದರೆ, ತಿರುಗಿ ಬಂದು ಮತ್ತೊಮ್ಮೆ ಹೆಜ್ಜೆ ಎಣಿಸಿದೆ.

ಆಮೇಲೆ ಕಲ್ಲಿನ ಪೀಠದ ಮೇಲಿರುವ ಕಂಚಿನ ಫಲಕಗಳು. ಇವು ಒಂದೊಂದು ಬ್ರಿಗೇಡಿನವು, ಅಂದರೆ ಹಲವು ರೆಜಿಮೆಂಟುಗಳು ಸೇರಿದ ಪಡೆಯವು. ಪೀಠ ಚೌಕವಾಗಿದ್ದರೆ ಉತ್ತರದ ಯೂನಿಯನ್ ಪಡೆ, ದುಂಡಗಿದ್ದರೆ ದಕ್ಷಿಣದ ಕಾನ್ಫೆಡರೇಟ್ ಪಡೆ. ಇದೊಂದು ಗೊತ್ತಿದ್ದರೆ ಓದುವ ಮೊದಲೇ ಯಾರ ಕಡೆ ನಿಂತಿದ್ದೀರಿ ಎಂದು ತಿಳಿಯುತ್ತದೆ. ಇವುಗಳಲ್ಲಿ ಹೊಗಳಿಕೆಯೂ ಇರಬಾರದು, ತೆಗಳಿಕೆಯೂ ಇರಬಾರದು ಎಂದು ಬರೆಸಿದವರೇ ನಿಯಮ ಮಾಡಿಕೊಂಡಿದ್ದರು. ಯಾವ ದಿನ ಬಂದರು, ಎಲ್ಲಿ ನಿಂತರು, ಯಾವಾಗ ಹಿಂದೆ ಸರಿದರು. ಕೊನೆಗೆ ಸತ್ತವರು ಇಷ್ಟು, ಗಾಯಗೊಂಡವರು ಇಷ್ಟು, ಸಿಗದವರು ಇಷ್ಟು. ಕುದುರೆ ಏರಿದ ಸೇನಾಪತಿಯ ಪ್ರತಿಮೆಗಿಂತ ಆ ಕೊನೆಯ ಸಾಲು ನನ್ನನ್ನು ಜಾಸ್ತಿ ಹೊತ್ತು ನಿಲ್ಲಿಸಿತು.

ಒಂದು ಎಚ್ಚರಿಕೆ. ಕಲ್ಲಿರುವ ಕಡೆಯಲ್ಲೇ ಎಲ್ಲ ನಡೆಯಿತು ಅಂದುಕೊಳ್ಳಬೇಡಿ. ಪಡೆ ಹೋರಾಟಕ್ಕೆ ಸಾಲು ಕಟ್ಟಿ ನಿಂತ ಜಾಗದಲ್ಲೇ ಸ್ಮಾರಕ ಇಡಬೇಕು ಎಂಬುದು ಅಲ್ಲಿನ ನಿಯಮವಾಗಿತ್ತು. ಉತ್ತರದವರು ಬಹುಪಾಲು ನಿಂತಲ್ಲೇ ಕಾದಾಡಿದರು. ಅವರ ಕಲ್ಲುಗಳು ಒತ್ತೊತ್ತಾಗಿ ಎದ್ದಿವೆ. ದಕ್ಷಿಣದವರು ಬಯಲು ದಾಟಿ ಬಂದು ಸತ್ತರು. ಆದರೆ ಅವರ ಗುರುತುಗಳು ಬಹುಮಟ್ಟಿಗೆ ಹೊರಟ ಜಾಗದಲ್ಲಿ, ಸೆಮಿನರಿ ರಿಜ್ ಎಂಬ ದಿಬ್ಬದ ಉದ್ದಕ್ಕೂ ಇವೆ. ಜನ ಬಿದ್ದ ಹೊಲ ಇವತ್ತಿಗೂ ಹೆಚ್ಚು ಕಡಿಮೆ ಖಾಲಿ.

ಈ ನಿಯಮಕ್ಕಾಗಿ ಕೋರ್ಟ್ ಕಟ್ಟೆಯನ್ನೂ ಹತ್ತಿದ್ದಾರೆ. ಪೆನ್ಸಿಲ್ವೇನಿಯಾದ 72ನೇ ರೆಜಿಮೆಂಟಿನ ಹಳೆಯ ಸೈನಿಕರಿಗೆ ತಮ್ಮ ಸ್ಮಾರಕ ಮುಂದಿನ ಕಲ್ಲುಗೋಡೆಯ ಹತ್ತಿರವೇ ಇರಬೇಕಿತ್ತು. ನೀವು ನಿಂತದ್ದು ಹಿಂದಿನ ಸಾಲಿನಲ್ಲಿ, ಅಲ್ಲೇ ಇಡಿ ಎಂದರು ಜಾಗ ನೋಡಿಕೊಳ್ಳುತ್ತಿದ್ದ ಸಂಘದವರು. ಸೈನಿಕರು ಬಿಡಲಿಲ್ಲ. 1891ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಬಂದೂಕನ್ನು ತಿರುಗಿಸಿ ದೊಣ್ಣೆಯ ಹಾಗೆ ಬೀಸುತ್ತಿರುವ ಸೈನಿಕನ ಪ್ರತಿಮೆ ಅವರದೇ. ತಾವು ನಿಂತ ನಾಲ್ಕು ಅಡಿ ನೆಲಕ್ಕಾಗಿ ಮುದುಕರು ವರ್ಷಗಟ್ಟಲೆ ಹೋರಾಡಿದ್ದು ನನಗೆ ಹಟ ಅನಿಸಲಿಲ್ಲ. ಅವರ ಗೆಳೆಯರು ಸತ್ತ ಜಾಗ ಅದು, ಅಲ್ವಾ?

ಆ ಗೋಡೆಗೆ ಕಾರಿನಲ್ಲಿ ಹೋಗಬೇಡಿ. ಮಂಡಿ ನೋವಿಲ್ಲದಿದ್ದರೆ ಎದುರುಗಡೆ ಇರುವ ವರ್ಜೀನಿಯಾ ಸ್ಮಾರಕದಿಂದ ಬಯಲು ದಾಟಿ ನಡೆದೇ ಹೋಗಿ. ಸುಮಾರು ಒಂದು ಮೈಲಿ. ಜುಲೈ 3ರ ಮಧ್ಯಾಹ್ನ ದಕ್ಷಿಣದ ಸುಮಾರು 12,000 ಜನ ಇದೇ ಬಯಲಿನಲ್ಲಿ ನಡೆದರು. ಅರ್ಧದಷ್ಟು ಜನ ಸತ್ತರು, ಗಾಯಗೊಂಡರು ಅಥವಾ ಸೆರೆಸಿಕ್ಕರು. ದೂರದಿಂದ ಸಪಾಟಾಗಿ ಕಾಣುವ ಹೊಲ ನಡೆಯುವಾಗ ಹಾಗಿರುವುದಿಲ್ಲ. ಏರುತ್ತದೆ, ಇಳಿಯುತ್ತದೆ. ಇಳಿದಲ್ಲಿ ಎದುರಿನ ದಿಬ್ಬ ಮರೆಯಾಗುತ್ತದೆ. ಮತ್ತೆ ಏರಿದಾಗ ಅದು ಇನ್ನೂ ಹತ್ತಿರ ಬಂದಿರುತ್ತದೆ. ಹಾಗೆ ಮೇಲೆ ಬಂದಾಗೆಲ್ಲ ನನ್ನ ಎದೆ ಝಲ್ಲೆಂದಿತು.

ಗೋಡೆ ಮುಟ್ಟಿದ ಮೇಲೆ ಉತ್ತರಕ್ಕೆ ಸ್ವಲ್ಪ ನಡೆದರೆ ಒಂದು ಪುಟ್ಟ ಬಿಳಿ ಮನೆ. ಏಬ್ರಹಾಂ ಬ್ರಯನ್ ಎಂಬ ಸ್ವತಂತ್ರ ಕಪ್ಪು ರೈತನ ಮನೆ ಅದು. ಯುದ್ಧಕ್ಕೆ ಮೊದಲೇ ಅವನು ಹೆಂಡತಿ ಮಕ್ಕಳೊಂದಿಗೆ ಊರು ಬಿಟ್ಟಿದ್ದ. ದಕ್ಷಿಣದ ಸೈನ್ಯ ಬಂದ ದಾರಿಯಲ್ಲಿ ಕಪ್ಪು ಜನರನ್ನು ಹಿಡಿದು ಗುಲಾಮಗಿರಿಗೆ ಸಾಗಿಸುತ್ತಿತ್ತು. ಮರಳಿ ಬಂದಾಗ ಹೊಲ, ಬೇಲಿ, ಮನೆ ಎಲ್ಲ ಹಾಳು. 1,028 ಡಾಲರ್ ಪರಿಹಾರ ಕೇಳಿದ. ಸಿಕ್ಕಿದ್ದು 15 ಡಾಲರ್. ಇಷ್ಟೆಲ್ಲ ಕಲ್ಲುಗಳ ನಡುವೆ, ಯುದ್ಧ ಯಾರ ಬಿಡುಗಡೆಯ ಪ್ರಶ್ನೆಯಿಂದ ಹುಟ್ಟಿತೋ ಅವರ ಕಥೆ ಹೇಳುವ ಗುರುತುಗಳು ಬಹಳ ಕಡಿಮೆ. ದಯವಿಟ್ಟು ಆ ಮನೆಯನ್ನು ತಪ್ಪಿಸಬೇಡಿ.

ಸಮಯ ಉಳಿದರೆ ಸೈನಿಕರ ಸ್ಮಶಾನಕ್ಕೆ ಹೋಗಿ. ಅಲ್ಲಿ 979 ಜನರ ಗುರುತು ಇವತ್ತಿಗೂ ಸಿಕ್ಕಿಲ್ಲ. ಅವರ ಸಣ್ಣ ಕಲ್ಲುಗಳ ಮೇಲೆ ಹೆಸರಿಲ್ಲ, ಬರೀ ಸಂಖ್ಯೆ. ಲಿಂಕನ್ 1863ರ ನವೆಂಬರ್ 19ರಂದು ಎರಡು ಮೂರು ನಿಮಿಷ ಮಾತಾಡಿದ್ದು ಈ ಸ್ಮಶಾನವನ್ನು ಅರ್ಪಿಸುವ ಸಮಾರಂಭದಲ್ಲೇ.

ಪ್ರಶ್ನೆ: ನಾವೂ ಅಲ್ಲಿಗೆ ಹೊರಟಿದ್ದೇವೆ. ಒಂಬತ್ತು ವರ್ಷದ ಮಗನಿಗೆ ಬೇಸರವಾಗದ ಹಾಗೆ ಏನಾದರೂ ಇದೆಯೇ?
- ಒಬ್ಬ ತಂದೆ

ಉತ್ತರ: ಇದೆ. ಮೊದಲು ಫಿರಂಗಿಗಳು. ಸುಮಾರು 400 ಇವೆ. ಹಸಿರು ತಿರುಗಿದವು ಕಂಚಿನವು, ಕಪ್ಪಗಿರುವವು ಕಬ್ಬಿಣದವು. ಎಷ್ಟೋ ಫಿರಂಗಿಗಳ ಬಾಯಿಯ ಸುತ್ತ ತಯಾರಾದ ವರ್ಷ, ತೂಕ, ಪರೀಕ್ಷಿಸಿದವನ ಹೆಸರಿನ ಮೊದಲಕ್ಷರಗಳನ್ನು ಕೆತ್ತಿದ್ದಾರೆ. ಮಗ ಹುಡುಕಿ ಓದಲಿ. ಮೇಲೆ ಹತ್ತಲು ಮಾತ್ರ ಬಿಡಬೇಡಿ.

ಆಮೇಲೆ ಓಕ್ ರಿಜ್‌ನಲ್ಲಿರುವ ಪೆನ್ಸಿಲ್ವೇನಿಯಾದ 11ನೇ ರೆಜಿಮೆಂಟಿನ ಸ್ಮಾರಕಕ್ಕೆ ಕರೆದೊಯ್ಯಿರಿ. ರಸ್ತೆಯಿಂದ ನೋಡಿದರೆ ಮೇಲೆ ನಿಂತ ಸೈನಿಕ ಮಾತ್ರ ಕಾಣುತ್ತಾನೆ. ಸುತ್ತಿ ಆಚೆ ಬದಿಗೆ ಹೋಗಿ. ಕೆಳಗೆ ಕಂಚಿನ ನಾಯಿಯೊಂದು ಮಲಗಿದೆ. ಅದರ ಹೆಸರು ಸ್ಯಾಲಿ. 1861ರಲ್ಲಿ ಮರಿಯಾಗಿ ಬಂದು ಪಡೆಯ ಜೊತೆಗೇ ಬೆಳೆದ ನಾಯಿ. ಮೊದಲ ದಿನ ಪಡೆ ಹಿಂದೆ ಸರಿದಾಗ ಸ್ಯಾಲಿ ಹೋಗಲಿಲ್ಲ. ಸತ್ತವರ, ಗಾಯಗೊಂಡವರ ಪಕ್ಕದಲ್ಲೇ ಉಳಿಯಿತು. ಯುದ್ಧ ಮುಗಿದ ಮೇಲೆ ಅಲ್ಲೇ ಸಿಕ್ಕಿತು. 1865ರ ಫೆಬ್ರವರಿಯಲ್ಲಿ ಇನ್ನೊಂದು ಕದನದಲ್ಲಿ ಗುಂಡು ತಗುಲಿ ಸತ್ತಿತು. ಗುಂಡು ಹಾರುತ್ತಿದ್ದಾಗಲೇ ಸೈನಿಕರು ಅದನ್ನು ಮಣ್ಣು ಮಾಡಿದರು. 1890ರಲ್ಲಿ ತಮ್ಮ ಸ್ಮಾರಕ ನಿಲ್ಲಿಸಿದಾಗ ಅದನ್ನೂ ಸೇರಿಸಿಕೊಂಡರು. ನಾನು ಹೋದ ದಿನ ಅದರ ಮುಂಗಾಲ ಹತ್ತಿರ ಯಾರೋ ಎರಡು ನಾಯಿ ಬಿಸ್ಕತ್ತು ಇಟ್ಟು ಹೋಗಿದ್ದರು.