ಸಿಮ್ಯುಲೇಟರಿನಲ್ಲಿ 9, ನನ್ನ ಮೇಜಿನ ಮೇಲೆ 8 ಚಿಲ್ಲರೆ

ಪ್ರಶ್ನೆ: ಮೇಡಂ, ನಾನು ಆನ್‌ಲೈನ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಲ್ಯಾಬ್ ಕೂಡ ಮನೆಯಲ್ಲೇ. 9 ವೋಲ್ಟ್ ಬ್ಯಾಟರಿ, 1 ಮೆಗಾ ಓಮ್ ರೆಸಿಸ್ಟರ್, 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಜೋಡಿಸಿ, ಚಾರ್ಜ್ ಆಗುವುದನ್ನು ಮೀಟರಿನಲ್ಲಿ ನೋಡಿದೆ. ಸಿಮ್ಯುಲೇಟರಿನಲ್ಲಿ 9 ವೋಲ್ಟ್‌ವರೆಗೂ ಹೋಗುತ್ತದೆ. ನನ್ನದು 8.1ಕ್ಕೇ ನಿಂತುಬಿಡುತ್ತದೆ. ಮೂರು ಸಲ ಬಿಚ್ಚಿ ಕಟ್ಟಿದೆ. ಕೇಳಲು ಪಕ್ಕದಲ್ಲಿ ಯಾರೂ ಇಲ್ಲ. ರೆಕಾರ್ಡಿನಲ್ಲಿ ಸುಮ್ನೆ 9 ಅಂತ ಬರೆದುಬಿಡಲೇ?

ಉತ್ತರ: ಬೇಡ. 8.1 ಅಂತಲೇ ಬರೆಯಿರಿ. ನಿಮ್ಮ ಜೋಡಣೆ ಸರಿಯಾಗಿಯೇ ಇದೆ. ಕಳ್ಳ ನಿಮ್ಮ ಕೈಯಲ್ಲಿರುವ ಮೀಟರೇ!

ಸಾಮಾನ್ಯವಾಗಿ ಡಿಜಿಟಲ್ ಮಲ್ಟಿಮೀಟರ್ ವೋಲ್ಟ್ ಅಳೆಯುವಾಗ, ಅದರೊಳಗೆ ಸುಮಾರು 10 ಮೆಗಾ ಓಮ್ ರೆಸಿಸ್ಟೆನ್ಸ್ ಇರುತ್ತದೆ. ಕೆಪಾಸಿಟರಿನ ಎರಡು ಕಾಲಿಗೆ ಅದನ್ನು ಹಿಡಿದರೆ ಚೂರು ಕರೆಂಟು ಅದರ ಮೂಲಕ ಹರಿಯುತ್ತಲೇ ಇರುತ್ತದೆ. ತೂತು ಕೊಡಕ್ಕೆ ನಲ್ಲಿ ಬಿಟ್ಟ ಹಾಗೆ. ಲೆಕ್ಕ ಹಾಕಿ ನೋಡಿ: ನಿಮ್ಮ ರೆಸಿಸ್ಟರ್ 1 ಮೆಗಾ, ಮೀಟರು 10 ಮೆಗಾ, ಒಟ್ಟು 11. 9 ವೋಲ್ಟನ್ನು 11 ಪಾಲು ಮಾಡಿ, 10 ಪಾಲು ಮೀಟರಿಗೆ ಕೊಡಿ. 8.18 ಬಂತು ಅಲ್ವಾ? ಉಳಿದ ಚೂರುಪಾರು ಕೆಪಾಸಿಟರಿನದೇ ಸೋರಿಕೆ ಇರಬಹುದು. ನಿಮ್ಮದು ಪ್ಲಸ್-ಮೈನಸ್ ಗುರುತಿರುವ ಎಲೆಕ್ಟ್ರೋಲಿಟಿಕ್ ಬಗೆಯದಾದರೆ ಸ್ವಲ್ಪ ಸೋರುವುದೇ.

ನನ್ನ ಮಾತನ್ನೇ ನಂಬಬೇಡಿ, ಮಾಡಿ ನೋಡಿ. 100 ಕಿಲೋ ಓಮ್, 100 ಮೈಕ್ರೋಫ್ಯಾರಡ್ ಹಾಕಿ. ಎರಡನ್ನೂ ಗುಣಿಸಿದರೆ ನಿಮ್ಮ ಹಳೆಯ ಜೋಡಿಯ ಹಾಗೆಯೇ 10 ಸೆಕೆಂಡು; ಸುಮಾರು ಶೇ. 63ರಷ್ಟು ಚಾರ್ಜ್ ಆಗಲು ಹಿಡಿಯುವ ಸಮಯ ಅದು. ಆದರೆ ರೆಸಿಸ್ಟರ್ ಹತ್ತರಲ್ಲಿ ಒಂದು ಪಾಲಾದ್ದರಿಂದ ಈ ಸಲ ಮೀಟರು 8.9ರ ಆಸುಪಾಸಿಗೆ ಏರಬೇಕು. ಉದ್ದದ ಕಾಲು ಪ್ಲಸ್ ಕಡೆಗೆ, ಮರೆಯಬೇಡಿ. ಆ ಶೇ. 63, ಅಂದರೆ ಸುಮಾರು 5.7 ವೋಲ್ಟ್, ಮುಟ್ಟಲು 10ರ ಬದಲು 11, 12 ಸೆಕೆಂಡು ಹಿಡಿದರೆ ಗಾಬರಿ ಬೇಡ. ಈ ಕೆಪಾಸಿಟರುಗಳಲ್ಲಿ ಶೇ. 20ರಷ್ಟು ಹೆಚ್ಚುಕಮ್ಮಿ ಮಾಮೂಲು.

ನಾವು ಓದುವಾಗ ಸೀನಿಯರ್‌ಗಳ ರೆಕಾರ್ಡ್ ನೋಡಿ ರೀಡಿಂಗ್ 'ಸರಿ' ಮಾಡುತ್ತಿದ್ದೆವು. ಮಾರ್ಕ್ಸೂ ಜಾಸ್ತಿಯೇ ಬರುತ್ತಿತ್ತು! ಮೀಟರು ಕೂಡ ಸರ್ಕ್ಯೂಟಿನ ಒಂದು ಭಾಗ ಅಂತ ನನಗೆ ನಿಜವಾಗಿ ತಲೆಗೆ ಹೋಗಿದ್ದು ಪಾಠ ಹೇಳಲು ನಿಂತ ಮೇಲೆ. ನೀವು ಒಬ್ಬರೇ ಕೂತು ಅದರ ಬಾಗಿಲಿಗೆ ಬಂದಿದ್ದೀರಿ.

ಎರಡು ಎಚ್ಚರಿಕೆ. ಗೋಡೆಯ ಸಾಕೆಟ್ಟಿನ ತಂಟೆಗೆ ಹೋಗಬೇಡಿ, ಬ್ಯಾಟರಿಯೇ ಸಾಕು. ಮೀಟರನ್ನು ಮಿಲಿ ಆಂಪಿಯರ್‌ಗೆ ಇಟ್ಟುಕೊಂಡು ಬ್ಯಾಟರಿಗೆ ನೇರವಾಗಿ ಹಿಡಿಯಬೇಡಿ, ಒಳಗಿನ ಫ್ಯೂಸ್ ಹೋಗುತ್ತದೆ. ನಾನು ಹಾಗೆ ಎರಡು ಕಳೆದಿದ್ದೇನೆ.

ಬದಲಿಸಿದ ಮೇಲೆ ಎಷ್ಟು ಬಂತು, ಬರೆದು ತಿಳಿಸಿ.