ಬೇಸ್‌ಬಾಲ್ ಕಾಮೆಂಟರಿಯನ್ನೇ ನಂಬಿ ಬದುಕಬಹುದಾ? ಅದಕ್ಕೆ ಮೊದಲು ಆಟಗಾರ ಆಗಿರಬೇಕಾ?

ನಿಮ್ಮ ತಮ್ಮ ಅಮೆರಿಕದಲ್ಲಿ ಓದುತ್ತಿದ್ದಾನೆ, ಬೇಸ್‌ಬಾಲ್ ಕಾಮೆಂಟೇಟರ್ ಆಗುತ್ತೇನೆ ಅಂತ ಹಟ ಹಿಡಿದಿದ್ದಾನೆ, ಮನೆಯವರಿಗೆಲ್ಲ ಚಿಂತೆ ಅಂತ ಬರೆದಿದ್ದೀರಿ. ನಾನು ಲಾಸ್ ಏಂಜಲಿಸ್ ಹತ್ತಿರ ಬಹಳ ವರ್ಷದಿಂದ ಇದ್ದೇನೆ. ಬೇಸಿಗೆಯ ಸಂಜೆ ಕೆಲಸ ಮುಗಿಸಿ ಬರುವಾಗ ಕಾರಿನ ರೇಡಿಯೋದಲ್ಲಿ ಈ ಊರಿನ ಬೇಸ್‌ಬಾಲ್ ತಂಡವಾದ ಡಾಡ್ಜರ್ಸ್‌ನ ಪಂದ್ಯ ಕೇಳುವುದು ನನಗೆ ಅಭ್ಯಾಸ. ಈ ಧ್ವನಿಗಳ ಮೇಲೆ ನನಗೆ ತುಂಬಾ ಪ್ರೀತಿ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಸುಲಭ. ಆಟಗಾರ ಆಗಿರಲೇಬೇಕು ಅಂತೇನಿಲ್ಲ. ಕಾಮೆಂಟರಿ ಬೂತ್‌ನಲ್ಲಿ ಸಾಮಾನ್ಯವಾಗಿ ಇಬ್ಬರು ಇರುತ್ತಾರೆ. ಒಬ್ಬರು ಪ್ರತಿ ಎಸೆತವನ್ನೂ ಹೇಳುವವರು. ಇನ್ನೊಬ್ಬರು, ಹೆಚ್ಚಾಗಿ ಮಾಜಿ ಆಟಗಾರರು, ಅದು ಯಾಕೆ ಹಾಗಾಯಿತು ಅಂತ ಬಿಡಿಸಿ ಹೇಳುವವರು. ಮೊದಲನೆಯ ಕುರ್ಚಿಗೆ ಬೇಕಾದದ್ದು ಕಣ್ಣು, ಮಾತು, ತಾಳ್ಮೆ.

ಇದಕ್ಕೆ ಹೈಮೆ ಹರೀನ್ ಅವರಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1935ರಲ್ಲಿ ಎಕ್ವಡಾರ್‌ನಲ್ಲಿ ಹುಟ್ಟಿದವರು. 1955ರಲ್ಲಿ ಅಮೆರಿಕಕ್ಕೆ ಬರುವ ತನಕ ಅವರಿಗೆ ಬೇಸ್‌ಬಾಲ್ ಅಂದರೇನು ಅಂತಲೇ ಗೊತ್ತಿರಲಿಲ್ಲ. ಇಲ್ಲಿನ ಸ್ಪ್ಯಾನಿಷ್ ರೇಡಿಯೋ ಒಂದರಲ್ಲಿ ವಾರ್ತೆ ಓದುತ್ತಿದ್ದರು. 1958ರಲ್ಲಿ ಡಾಡ್ಜರ್ಸ್ ತಂಡ ನ್ಯೂಯಾರ್ಕ್‌ನ ಬ್ರೂಕ್ಲಿನ್ ಬಿಟ್ಟು ಲಾಸ್ ಏಂಜಲಿಸ್‌ಗೆ ಬಂತು. ಆ ರೇಡಿಯೋಗೆ ಸ್ಪ್ಯಾನಿಷ್ ಕಾಮೆಂಟರಿಯ ಹಕ್ಕು ಸಿಕ್ಕಿತು. ಹರೀನ್ ಕೂತು ಆಟ ಕಲಿತರು, 1959ರಲ್ಲಿ ಮೈಕ್ ಮುಂದೆ ಕೂತರು. ತಂಡ ಬೇರೆ ಊರಿಗೆ ಹೋದಾಗ ಮೊದಲ ಕೆಲವು ವರ್ಷ ಇವರನ್ನು ಕರೆದುಕೊಂಡು ಹೋಗುತ್ತಿರಲಿಲ್ಲ. ಸ್ಟುಡಿಯೋದಲ್ಲಿ ಕೂತು, ಕಿವಿಯಲ್ಲಿ ವಿನ್ ಸ್ಕಲ್ಲಿ ಅವರ ಇಂಗ್ಲಿಷ್ ಕಾಮೆಂಟರಿ ಕೇಳುತ್ತಾ, ಅದೇ ಕ್ಷಣದಲ್ಲಿ ಸ್ಪ್ಯಾನಿಷ್‌ನಲ್ಲಿ ಪಂದ್ಯ ಕಟ್ಟಿಕೊಡಬೇಕಿತ್ತು. ಎಂಥ ಪಾಠಶಾಲೆ ಅಲ್ವಾ? 1981ರಲ್ಲಿ ಮೆಕ್ಸಿಕೋದ ಹುಡುಗ ಫರ್ನಾಂಡೋ ವಲೆನ್ಜುವೆಲಾ ಪಿಚರ್ (ಚೆಂಡು ಎಸೆಯುವವನು) ಆಗಿ ಬಂದು ಊರಿಗೆ ಊರೇ ಹುಚ್ಚೆದ್ದಾಗ, ಪತ್ರಕರ್ತರ ಮುಂದೆ ಅವನ ಪಕ್ಕ ಕೂತು ಮಾತು ಅನುವಾದಿಸಿದವರೂ ಇವರೇ. 2022ರಲ್ಲಿ ನಿವೃತ್ತರಾದರು. ಒಟ್ಟು 64 ಸೀಸನ್, ಒಂದೇ ತಂಡ.

ಒಂದೇ ತಂಡ ಅನ್ನುವುದನ್ನು ನಮ್ಮವರು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಐಪಿಎಲ್‌ನಲ್ಲಿ ಕಾಮೆಂಟೇಟರ್‌ಗಳು ಚಾನೆಲ್‌ನವರು. ಇವತ್ತು ಬೆಂಗಳೂರು ಪಂದ್ಯ, ನಾಳೆ ಚೆನ್ನೈ ಪಂದ್ಯ. ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಅಲ್ಲಿನ ಅತಿ ಮೇಲಿನ ಹಂತವಾದ ಮೇಜರ್ ಲೀಗ್‌ನ 30 ತಂಡಗಳಿಗೂ ಅವರವರದೇ ರೇಡಿಯೋ, ಟಿವಿ ಧ್ವನಿಗಳಿವೆ. ಒಂದು ತಂಡ ಸುಮಾರು ಆರು ತಿಂಗಳಲ್ಲಿ 162 ಪಂದ್ಯ ಆಡುತ್ತದೆ. ಅದರಲ್ಲಿ ಅರ್ಧ ಬೇರೆ ಊರುಗಳಲ್ಲಿ. ಅಂದರೆ ಆ ಧ್ವನಿ ಹೆಚ್ಚುಕಮ್ಮಿ ದಿನಾ ಸಂಜೆ ಜನರ ಅಡುಗೆಮನೆಯಲ್ಲಿ, ಕಾರಿನಲ್ಲಿ, ಆಸ್ಪತ್ರೆಯ ಹಾಸಿಗೆ ಪಕ್ಕದಲ್ಲಿ ಇರುತ್ತದೆ. ಆಟಗಾರರು ಬರುತ್ತಾರೆ, ಹೋಗುತ್ತಾರೆ. ಧ್ವನಿ ಉಳಿಯುತ್ತದೆ. ನನ್ನ ಪ್ರಕಾರ ಈ ವೃತ್ತಿಯ ತಿರುಳು ಇಲ್ಲೇ ಇದೆ. ದೊಡ್ಡ ಕ್ಷಣದಲ್ಲಿ ಕೂಗುವುದು ಇದರ ಒಂದು ಸಣ್ಣ ಭಾಗ ಮಾತ್ರ. ತಂಡ ಸತತವಾಗಿ ಸೋಲುತ್ತಿರುವ ಆಗಸ್ಟ್ ತಿಂಗಳ ಮಂಗಳವಾರವೂ ಜನ ರೇಡಿಯೋ ಆರಿಸದಂತೆ ಮಾತಾಡುವುದೇ ನಿಜವಾದ ಕೆಲಸ.

ಅದಕ್ಕೆ ತಯಾರಿ ಜಾಸ್ತಿ ಬೇಕು. ಪಂದ್ಯಕ್ಕೆ ಗಂಟೆಗಟ್ಟಲೆ ಮೊದಲೇ ಮೈದಾನಕ್ಕೆ ಹೋಗಿ ಮ್ಯಾನೇಜರ್ (ತಂಡದ ಮುಖ್ಯ ಕೋಚ್), ಆಟಗಾರರ ಜೊತೆ ಮಾತಾಡಿ ಕತೆ ಕೂಡಿಸಿಕೊಳ್ಳುತ್ತಾರೆ. ಪ್ರತಿ ಎಸೆತದ ಲೆಕ್ಕವನ್ನು ಕೈಯಲ್ಲೇ ಸ್ಕೋರ್‌ಬುಕ್‌ನಲ್ಲಿ ಬರೆದುಕೊಳ್ಳುವವರು ಈಗಲೂ ಇದ್ದಾರೆ. ಹಿಂದಿನ ತಲೆಮಾರಿನ ರೆಡ್ ಬಾರ್ಬರ್ ಮೇಜಿನ ಮೇಲೆ ಮೂರು ನಿಮಿಷದ ಮರಳು ಗಡಿಯಾರ ಇಟ್ಟುಕೊಳ್ಳುತ್ತಿದ್ದರು. ಮರಳು ಇಳಿದು ಮುಗಿದಾಗಲೆಲ್ಲ ಸ್ಕೋರ್ ಹೇಳಿ ಅದನ್ನು ತಿರುಗಿಸಿ ಇಡುವುದು. ಈಗಷ್ಟೇ ರೇಡಿಯೋ ಹಾಕಿದವನಿಗೆ ಮೊದಲು ಬೇಕಾದದ್ದು ಸ್ಕೋರ್ ತಾನೇ? 2023ರಲ್ಲಿ ಪಿಚರ್‌ಗಳಿಗೆ ಸಮಯದ ಮಿತಿ ಬಂದ ಮೇಲೆ ಪಂದ್ಯದ ಸರಾಸರಿ ಅವಧಿ ಸುಮಾರು 2 ಗಂಟೆ 40 ನಿಮಿಷಕ್ಕೆ ಇಳಿಯಿತು. ಆಟಕ್ಕೆ ಒಳ್ಳೆಯದಾಯಿತು. ಆದರೆ ಎಸೆತಗಳ ನಡುವೆ ಕತೆ ಹೇಳುವ ಜಾಗ ಕಮ್ಮಿಯಾಯಿತು. ಇನ್ನು ಮುಂದೆ ಬರುವವರು ಚಿಕ್ಕದಾಗಿ ಹೇಳುವುದನ್ನು ಕಲಿಯಲೇಬೇಕು.

ಆ ಬಾರ್ಬರ್ ಕೈಕೆಳಗೆ ಪಳಗಿದವರೇ ವಿನ್ ಸ್ಕಲ್ಲಿ. ಫೋರ್ಡಮ್ ವಿಶ್ವವಿದ್ಯಾಲಯದ ರೇಡಿಯೋದಲ್ಲಿ ಶುರು ಮಾಡಿ, 1950ರಲ್ಲಿ 22ನೇ ವಯಸ್ಸಿಗೆ ಡಾಡ್ಜರ್ಸ್ ಬೂತ್ ಸೇರಿದರು. 2016ರ ತನಕ 67 ಸೀಸನ್ ಅಲ್ಲೇ ಇದ್ದರು. ಬಹಳ ವರ್ಷ ಬೂತ್‌ನಲ್ಲಿ ಒಬ್ಬರೇ ಕೂತು, ಕೇಳುವವನ ಜೊತೆ ನೇರವಾಗಿ ಮಾತಾಡುತ್ತಿದ್ದರು. 1965ರ ಸೆಪ್ಟೆಂಬರ್ 9ರಂದು ಡಾಡ್ಜರ್ಸ್ ಪಿಚರ್ ಸ್ಯಾಂಡಿ ಕೋಫ್ಯಾಕ್ಸ್ ಒಬ್ಬ ಬ್ಯಾಟರ್‌ಗೂ ಬೇಸ್ (ರನ್‌ಗಾಗಿ ಓಡುವಾಗ ಮುಟ್ಟಬೇಕಾದ ಜಾಗ) ತಲುಪಲು ಬಿಡದೆ ಪಂದ್ಯ ಮುಗಿಸುವ ಹೊತ್ತಿನಲ್ಲಿ, ಸ್ಕಲ್ಲಿ ನಡುನಡುವೆ ದಿನಾಂಕ, ಗಡಿಯಾರದ ಸಮಯ ಹೇಳುತ್ತಾ ಹೋದರು. ಆ ಧ್ವನಿಮುದ್ರಣ ಕೋಫ್ಯಾಕ್ಸ್‌ಗೆ ನೆನಪಿನ ಕಾಣಿಕೆ ಆಗಲಿ ಅಂತ. ರಾತ್ರಿ 9:46 ಅನ್ನುವ ಆ ಮಾತು ಕೇಳಿದಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮಾತು ನಿಲ್ಲಿಸುವುದು ಯಾವಾಗ ಅಂತಲೂ ಅವರಿಗೆ ಗೊತ್ತಿತ್ತು. 1974ರ ಏಪ್ರಿಲ್ 8ರಂದು ಅಟ್ಲಾಂಟಾದಲ್ಲಿ ಹ್ಯಾಂಕ್ ಆರನ್ 715ನೇ ಹೋಂ ರನ್ (ನಮ್ಮ ಸಿಕ್ಸರ್ ಥರದ ಹೊಡೆತ) ಹೊಡೆದು, ಹಿಂದಿನ ಕಾಲದ ಬಿಳಿಯ ತಾರೆ ಬೇಬ್ ರೂತ್ ದಾಖಲೆ ಮುರಿದರು. ಚೆಂಡು ಬೇಲಿ ದಾಟಿತು ಅಂತ ಹೇಳಿ ಸ್ಕಲ್ಲಿ ಸುಮ್ಮನಾದರು. ಜನರ ಕೂಗು, ಪಟಾಕಿ ಸದ್ದು ಅಷ್ಟೇ. ಮತ್ತೆ ಬಾಯಿ ತೆರೆದಾಗ ಹೇಳಿದ್ದು ಆಟದ ಅಂಕಿಯನ್ನಲ್ಲ. ಅಮೆರಿಕದ ದಕ್ಷಿಣದಲ್ಲಿ ಒಬ್ಬ ಕಪ್ಪು ಮನುಷ್ಯನಿಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ ಅನ್ನುವುದನ್ನು. ಆರನ್‌ಗೆ ಆ ದಿನಗಳಲ್ಲಿ ಬಂದ ದ್ವೇಷದ ಪತ್ರಗಳ ವಿಷಯ ಗೊತ್ತಿದ್ದವರಿಗೆ ಆ ಮಾತಿನ ತೂಕ ಗೊತ್ತು. 1988ರ ವರ್ಲ್ಡ್ ಸೀರೀಸ್‌ನಲ್ಲಿ (ವರ್ಷದ ಕೊನೆಯ ಫೈನಲ್ ಸರಣಿ) ಕಾಲು ನೋವಿನಿಂದ ಕುಂಟುತ್ತಿದ್ದ ಡಾಡ್ಜರ್ಸ್‌ನ ಕರ್ಕ್ ಗಿಬ್ಸನ್ ಕೊನೆಯ ಗಳಿಗೆಯಲ್ಲಿ ಹೋಂ ರನ್ ಹೊಡೆದಾಗಲೂ ಅಷ್ಟೇ, ಟಿವಿಯಲ್ಲಿ ಒಂದು ನಿಮಿಷಕ್ಕೂ ಜಾಸ್ತಿ ಹೊತ್ತು ಮಾತಿಲ್ಲ.

ಈಗ ಮನೆಯವರ ಚಿಂತೆಗೆ ಬರುತ್ತೇನೆ. ಅದು ಸುಮ್ನೆ ಬಂದ ಚಿಂತೆ ಅಲ್ಲ. ಮೇಲಿನ ಕುರ್ಚಿಗಳು ಬಹಳ ಕಮ್ಮಿ, ಕೂತವರು ದಶಕಗಟ್ಟಲೆ ಏಳುವುದಿಲ್ಲ. ಹೆಚ್ಚಿನವರು ಶುರು ಮಾಡುವುದು ಕೆಳಗಿನ ಹಂತವಾದ ಮೈನರ್ ಲೀಗ್‌ನಲ್ಲಿ. 2021ರ ಮರುಜೋಡಣೆಯ ನಂತರ ಮೇಜರ್ ಲೀಗ್ ಜೊತೆ ನಂಟಿರುವ ಮೈನರ್ ಲೀಗ್ ತಂಡಗಳು 120. ಅಲ್ಲಿ ಕಾಮೆಂಟರಿ ಜೊತೆಗೆ ಪತ್ರಿಕೆಗಳಿಗೆ ಸುದ್ದಿ ಬರೆಯಬೇಕು, ಟಿಕೆಟ್, ಜಾಹೀರಾತು ಮಾರಬೇಕಾಗಬಹುದು, ಮಳೆ ಬಂದರೆ ಮೈದಾನಕ್ಕೆ ಟಾರ್ಪಾಲು ಎಳೆಯಲೂ ಕೈ ಹಾಕಬೇಕಾಗಬಹುದು. ರಾತ್ರಿ ಬಸ್ ಪ್ರಯಾಣ. ಸಂಬಳ ಕಮ್ಮಿ. ಚಳಿಗಾಲದಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್, ಹಾಕಿ ಹೇಳಿ ಹೊಟ್ಟೆ ಹೊರೆಯುವವರು ಎಷ್ಟೋ ಜನ. ಬೇಗ ಮೇಲೆ ಬಂದವರೂ ಇದ್ದಾರೆ. ಜೋ ಡೇವಿಸ್ ಅಲಬಾಮಾದ ಮಾಂಟ್‌ಗೊಮರಿಯ ಮೈನರ್ ಲೀಗ್ ತಂಡದಲ್ಲಿದ್ದವರು. 2016ರಲ್ಲಿ ಡಾಡ್ಜರ್ಸ್ ಸೇರಿದಾಗ ಅವರಿಗೆ ಮೂವತ್ತು ತುಂಬಿರಲಿಲ್ಲ. ಅವರನ್ನು ನೋಡಿ ಎಲ್ಲರಿಗೂ ಹಾಗೇ ಆಗುತ್ತದೆ ಅಂದುಕೊಳ್ಳುವುದು ಬೇಡ.

ಮೇಲೆ ಹೋದ ಮೇಲೂ ಭದ್ರತೆ ಪೂರ್ತಿ ಇಲ್ಲ. ಸಂಬಳ ಕೊಡುವುದು ತಂಡ, ಇಲ್ಲವೇ ಅದರ ಹಕ್ಕು ಕೊಂಡ ಚಾನೆಲ್. 1966ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನ ಯಾಂಕೀ ಸ್ಟೇಡಿಯಂಗೆ ಒಂದು ದಿನ ಬಂದವರು 413 ಜನ. ರೆಡ್ ಬಾರ್ಬರ್ ಆಗ ಯಾಂಕೀಸ್ ತಂಡದ ಧ್ವನಿ. ಖಾಲಿ ಕುರ್ಚಿಗಳನ್ನು ತೋರಿಸಿ ಅಂತ ಕ್ಯಾಮೆರಾದವರಿಗೆ ಹೇಳಿದರು. ಅವರು ತೋರಿಸಲಿಲ್ಲ. ಇವರು ಅದನ್ನು ಬಾಯಲ್ಲೇ ಹೇಳಿದರು. ಕೆಲವೇ ದಿನಗಳಲ್ಲಿ ಒಪ್ಪಂದ ಮುಂದುವರಿಸುವುದಿಲ್ಲ ಅಂತ ಉತ್ತರ ಬಂತು. ಡೆಟ್ರಾಯಿಟ್ ತಂಡದ ಧ್ವನಿಯಾಗಿದ್ದ ಎರ್ನಿ ಹಾರ್ವೆಲ್ ಅವರನ್ನು 1991ರ ಸೀಸನ್ ಮುಗಿದ ಮೇಲೆ ಕೈಬಿಟ್ಟರು. ಊರ ಜನ ಸಿಟ್ಟಾದರು. ತಂಡದ ಮಾಲೀಕರು ಬದಲಾದ ಮೇಲೆ 1993ರಲ್ಲಿ ವಾಪಸ್ ಬಂದು, 2002ರ ತನಕ ಕೆಲಸ ಮಾಡಿದರು. ಇದೇ ಹಾರ್ವೆಲ್‌ರನ್ನು 1948ರಲ್ಲಿ ಅಟ್ಲಾಂಟಾದ ತಂಡವೊಂದು ಆಗ ಬ್ರೂಕ್ಲಿನ್‌ನಲ್ಲಿದ್ದ ಡಾಡ್ಜರ್ಸ್‌ಗೆ ಬಿಟ್ಟುಕೊಟ್ಟಿದ್ದು ಕ್ಲಿಫ್ ಡ್ಯಾಪರ್ ಅನ್ನುವ ಕ್ಯಾಚರ್‌ನನ್ನು (ನಮ್ಮ ವಿಕೆಟ್‌ಕೀಪರ್ ಥರದ ಆಟಗಾರ) ಬದಲಿಗೆ ಪಡೆದು! ಆಟಗಾರನಿಗೆ ಕಾಮೆಂಟೇಟರ್ ವಿನಿಮಯ.

ಹೆಣ್ಣುಮಕ್ಕಳಿಗೆ ಈ ಬಾಗಿಲು ತೆರೆದದ್ದು ಬಹಳ ತಡವಾಗಿ. ಮೇಜರ್ ಲೀಗ್ ತಂಡವೊಂದಕ್ಕೆ ಪ್ರತಿ ಎಸೆತ ಹೇಳುವ ಮುಖ್ಯ ಧ್ವನಿಯಾಗಿ ಮೊದಲ ಮಹಿಳೆ ಜೆನ್ನಿ ಕ್ಯಾವ್ನರ್ ಬಂದದ್ದು 2024ರಲ್ಲಿ, ಓಕ್‌ಲೆಂಡ್ ತಂಡಕ್ಕೆ. ಇಷ್ಟು ವರ್ಷ ಯಾಕೆ ಬೇಕಾಯಿತು ಅಂತ ನನಗೆ ಬೇಸರವಿದೆ.

ನಿಮ್ಮ ತಮ್ಮನನ್ನು ತಡೆಯಬೇಡಿ. ಆದರೆ ಓದು ಮುಗಿಸಲಿ, ಬರವಣಿಗೆ ಚೆನ್ನಾಗಿ ಕಲಿಯಲಿ, ಮೈನರ್ ಲೀಗ್‌ನ ಕೆಲವು ವರ್ಷಗಳಿಗೆ ಮನೆಯವರು ಸ್ವಲ್ಪ ಬೆಂಬಲ ಕೊಡಲು ಸಿದ್ಧರಿರಿ. ಕಾಲೇಜಿನ ರೇಡಿಯೋಗೆ ಈ ವಾರವೇ ಹೋಗಿ ಹೆಸರು ಕೊಡಲಿ. ರೇಡಿಯೋ ಸಿಗದಿದ್ದರೆ ಫೋನ್ ಹಿಡಿದು ಕಾಲೇಜಿನ ಮೈದಾನದ ಗ್ಯಾಲರಿಯಲ್ಲಿ ಕೂತು ಇಡೀ ಪಂದ್ಯ ಹೇಳಿ ಧ್ವನಿಮುದ್ರಿಸಿಕೊಳ್ಳಲಿ. ಕೆಲಸಕ್ಕೆ ಅರ್ಜಿ ಹಾಕುವಾಗ ಹೋಂ ರನ್ ಕೂಗಿದ ತುಣುಕಿನ ಜೊತೆ, ಏನೂ ನಡೆಯದ ಒಂದು ಇಡೀ ಇನ್ನಿಂಗ್ಸ್‌ನ್ನೂ (ಪಂದ್ಯದ ಒಂಬತ್ತು ಪಾಳಿಗಳಲ್ಲಿ ಒಂದು) ಕಳಿಸಲಿ.