ಹಿಪ್ಪಿ ಯುಗವನ್ನು ಮುಗಿಸಿದ್ದು ಮ್ಯಾನ್ಸನ್ ಅಲ್ಲ: ಒಬ್ಬ ಹೊಸ ಲೇಖಕರಿಗೆ ಉತ್ತರ

ಪ್ರಿಯರೇ,

1969ರಲ್ಲಿ ಅಮೆರಿಕದಲ್ಲಿ ಚಾರ್ಲ್ಸ್ ಮ್ಯಾನ್ಸನ್ ಎಂಬವನ ಹಿಂಬಾಲಕರು ನಡೆಸಿದ ಕೊಲೆಗಳೇ ಹಿಪ್ಪಿ ಯುಗವನ್ನು ಮುಗಿಸಿದವು ಎನ್ನುವ ‘ಹೂವಿನ ಮಕ್ಕಳ ರಕ್ತದೋಕುಳಿ’ ಎಂಬ ನಿಮ್ಮ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ನಾವು ಅದನ್ನು ಪ್ರಕಟಿಸುವುದಿಲ್ಲ. ಹಾಗೆಂದು ಎರಡು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳುವಂಥ ಬರಹವೂ ಅದಲ್ಲ. ಸ್ಪಾನ್ ರಾಂಚ್‌ನ ಆ ಗುಂಪಿನ ಬದುಕನ್ನು ವರ್ಣಿಸುವ ಒಂದು ಪುಟ ನಿಜಕ್ಕೂ ಚೆನ್ನಾಗಿದೆ: ಹಳೆಯ ಕೌಬಾಯ್ ಚಿತ್ರಗಳ ಪಾಳುಬಿದ್ದ ಸೆಟ್ಟುಗಳು, ಕಣ್ಣು ಕಾಣದ ಮುದುಕ ಮಾಲೀಕ, ಸೂಪರ್‌ಮಾರ್ಕೆಟ್ಟಿನ ಕಸದ ತೊಟ್ಟಿಯಿಂದ ತರಕಾರಿ ಆಯ್ದು ತರುವ ಹುಡುಗಿಯರು. ಅಲ್ಲಿ ನೀವು ಬೊಬ್ಬೆ ಹಾಕಿಲ್ಲ, ನೋಡಿದ್ದೀರಿ. ಉಳಿದ ಕಡೆ ಬೊಬ್ಬೆಯೇ ಹೆಚ್ಚು.

ಮೊದಲು ನಿಮ್ಮ ಕೊನೆಯ ವಾಕ್ಯದಿಂದಲೇ ಆರಂಭಿಸುತ್ತೇನೆ. ‘1969ರ ಆಗಸ್ಟ್ 9ರ ಆ ರಾತ್ರಿ, ಚಾಕುವಿನ ಇರಿತಕ್ಕೆ ಒಂದು ಇಡೀ ತಲೆಮಾರಿನ ಕನಸೇ ಸತ್ತುಹೋಯಿತು.’ ಕೇಳಲು ಸೊಗಸಾಗಿದೆ. ಆದರೆ ಇದು ನೀವು ಕಂಡುಕೊಂಡ ಮಾತಲ್ಲ, ಅರ್ಧ ಶತಮಾನದಿಂದ ಕೈಯಿಂದ ಕೈಗೆ ದಾಟುತ್ತಾ ಬಂದ ಮಾತು. ಲೇಖನ ಬರೆಯುವವರು ಅಂಥ ಮಾತನ್ನು ಕ್ಯಾಲೆಂಡರಿನ ಜೊತೆ ತಾಳೆ ಹಾಕಿ ನೋಡಬೇಕಿತ್ತು. ಲಾಸ್ ಏಂಜಲೀಸ್‌ನ ಸಿಯೆಲೊ ಡ್ರೈವ್‌ನಲ್ಲಿ ನಟಿ ಶರೋನ್ ಟೇಟ್ ಮತ್ತು ಇತರ ನಾಲ್ವರ ಕೊಲೆಯಾಗಿ ಒಂದು ವಾರ ತುಂಬುವ ಮೊದಲೇ, ಆಗಸ್ಟ್ 15ರಂದು, ದೇಶದ ಇನ್ನೊಂದು ಅಂಚಿನಲ್ಲಿ ವುಡ್‌ಸ್ಟಾಕ್ ಸಂಗೀತೋತ್ಸವ ಆರಂಭವಾಯಿತು. ಸುಮಾರು ನಾಲ್ಕು ಲಕ್ಷ ಜನ ಸೇರಿದರು. ಕನಸು ಸತ್ತಿದ್ದರೆ ಅಲ್ಲಿ ಕೆಸರಿನಲ್ಲಿ ಕುಣಿದವರು ಯಾರು?

ಆಗಸ್ಟ್‌ನಲ್ಲಿ ಕೊಲೆಗಾರರು ಯಾರೆಂದೇ ಜನಕ್ಕೆ ಗೊತ್ತಿರಲಿಲ್ಲ. ಪೊಲೀಸರು ಮಾದಕವಸ್ತುವಿನ ವ್ಯವಹಾರ ಕೆಟ್ಟು ಹೀಗಾಗಿದೆ ಎಂದು ಶಂಕಿಸಿದರು. ಆ ಮನೆಯ ಹಿಂಬದಿಯ ಅತಿಥಿಗೃಹದಲ್ಲಿದ್ದ 19 ವರ್ಷದ ಕಾವಲು ಹುಡುಗನನ್ನು ಹಿಡಿದು ಬಿಟ್ಟುಬಿಟ್ಟರು. ಸತ್ತವರ ನಡತೆಯ ಬಗ್ಗೆಯೇ ಊರು ಗುಸುಗುಸು ಮಾತಾಡಿತು. ಮ್ಯಾನ್ಸನ್ ಮತ್ತು ‘ಫ್ಯಾಮಿಲಿ’ ಎಂದು ಕರೆಸಿಕೊಂಡ ಅವನ ಗುಂಪಿನ ಹೆಸರು ಹೊರಬಿದ್ದದ್ದು ಡಿಸೆಂಬರ್ ತಿಂಗಳ ಮೊದಲ ದಿನಗಳಲ್ಲಿ. ಅದೇ ವಾರ, ಡಿಸೆಂಬರ್ 6ರಂದು, ಕ್ಯಾಲಿಫೋರ್ನಿಯಾದ ಆಲ್ಟಮಾಂಟ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಹಾಡುತ್ತಿದ್ದಾಗ ವೇದಿಕೆಯ ಎದುರಲ್ಲೇ 18 ವರ್ಷದ ಕಪ್ಪು ಯುವಕ ಮೆರೆಡಿತ್ ಹಂಟರ್‌ನನ್ನು, ಕಾವಲಿಗೆಂದು ಕರೆಸಿದ್ದ ಹೆಲ್ಸ್ ಏಂಜಲ್ಸ್ ಬೈಕ್ ತಂಡದವನೊಬ್ಬ ಇರಿದು ಕೊಂದ. ಎರಡೂ ಸುದ್ದಿಗಳು ಅಕ್ಕಪಕ್ಕ ಬಂದವು. ಅಂದರೆ ಯುಗಾಂತ್ಯದ ಆ ಕಥೆ ಆಗಸ್ಟ್‌ನ ರಾತ್ರಿಯಲ್ಲಿ ಹುಟ್ಟಿದ್ದಲ್ಲ. ಡಿಸೆಂಬರ್‌ನಲ್ಲಿ, ಪತ್ರಿಕೆಗಳ ಪುಟಗಳಲ್ಲಿ, ದಶಕ ಮುಗಿಯಲು ಇನ್ನೇನು ಮೂರು ವಾರವಿದೆ ಎನ್ನುವಾಗ ಹೊಲಿದದ್ದು. ಉದ್ದ ಕೂದಲಿನ ಮಕ್ಕಳನ್ನು ಕಂಡರಾಗದ ಅಪ್ಪ-ಅಮ್ಮಂದಿರಿಗೆ ಅದು ಎಷ್ಟು ಹಿತವಾಗಿದ್ದಿರಬೇಕು ಯೋಚಿಸಿ. ನಿಮ್ಮ ಲೇಖನ ಬೆಳೆಯಬೇಕಾದದ್ದು ಇಲ್ಲಿಂದ.

ಇನ್ನೂ ಹಿಂದಕ್ಕೆ ಹೋಗಿ. 1967ರ ಅಕ್ಟೋಬರ್ 6ರಂದು ಸ್ಯಾನ್ ಫ್ರಾನ್ಸಿಸ್ಕೋದ ಹೇಟ್-ಆ್ಯಶ್ಬರಿಯಲ್ಲಿ ಹಿಪ್ಪಿಗಳೇ ‘ಹಿಪ್ಪಿಯ ಸಾವು’ ಎಂದು ಘೋಷಿಸಿ, ಶವಪೆಟ್ಟಿಗೆ ಹೊತ್ತು ಬೀದಿಯಲ್ಲಿ ಅಣಕು ಶವಯಾತ್ರೆ ಮಾಡಿದ್ದರು. ಆ ಬೇಸಿಗೆಯಲ್ಲಿ ಸಾವಿರಾರು ಹದಿಹರೆಯದವರು ಮನೆಬಿಟ್ಟು ಅಲ್ಲಿಗೆ ಬಂದಿಳಿದಿದ್ದರು. ಮಲಗಲು ಜಾಗವಿಲ್ಲ, ಊಟವಿಲ್ಲ, ಎಲ್‌ಎಸ್‌ಡಿಯ ಜಾಗಕ್ಕೆ ಸ್ಪೀಡ್ ಮತ್ತು ಹೆರಾಯಿನ್ ಬರತೊಡಗಿತ್ತು. ಪತ್ರಿಕೆಗಳು ಕಟ್ಟಿದ ‘ಹಿಪ್ಪಿ’ ಎಂಬ ವೇಷ ಸಾಕಾಗಿದೆ, ಇಲ್ಲಿಗೆ ಬರಬೇಡಿ, ನಿಮ್ಮ ನಿಮ್ಮ ಊರಲ್ಲೇ ಏನಾದರೂ ಮಾಡಿ ಎಂಬುದು ಆ ಮೆರವಣಿಗೆಯ ತಾತ್ಪರ್ಯ. ನಿಮ್ಮ ‘ಕೊನೆ’ಗಿಂತ ಸುಮಾರು ಎರಡು ವರ್ಷ ಮೊದಲೇ ನಡೆದದ್ದು ಇದು. ನಿಮ್ಮ ಲೇಖನದಲ್ಲಿ ಇದರ ಸುಳಿವೇ ಇಲ್ಲ. ಮುಂದಕ್ಕೆ ನೋಡಿದರೂ ಅಷ್ಟೇ: ಯುರೋಪಿನಿಂದ ಕಾಬೂಲ್ ಹಾದು ಭಾರತಕ್ಕೆ ಬರುತ್ತಿದ್ದ ಹಿಪ್ಪಿಗಳ ಭೂಮಾರ್ಗ ಮುಚ್ಚಿದ್ದು 1979ರಲ್ಲಿ, ಇರಾನಿನ ಕ್ರಾಂತಿ ಮತ್ತು ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿದ ಮೇಲೆ. ನಮ್ಮ ಪಕ್ಕದ ಗೋವಾದ ಅಂಜುನಾ ತುಂಬಿದ್ದು, ನಮ್ಮ ಊರುಗಳ ಹುಡುಗರು ‘ಹಿಪ್ಪಿ ಕಟಿಂಗ್’ ಬಿಟ್ಟು ಮನೆಯಲ್ಲಿ ಬೈಸಿಕೊಂಡದ್ದು ಎಪ್ಪತ್ತರ ದಶಕದಲ್ಲಿ. ಸತ್ತ ಸಂಸ್ಕೃತಿಗೆ ಇಷ್ಟೊಂದು ಓಡಾಟವಿರುವುದಿಲ್ಲ.

ಎರಡನೆಯ ಆಕ್ಷೇಪ: ಮ್ಯಾನ್ಸನ್‌ನನ್ನು ನೀವು ‘ಹಿಪ್ಪಿ ಗುರು’ ಎಂದು ಕರೆದು ಮುಂದೆ ಹೋಗಿದ್ದೀರಿ. 1934ರಲ್ಲಿ ಹುಟ್ಟಿದ ಅವನು 1967ರ ಮಾರ್ಚ್ 21ರಂದು ಜೈಲಿನಿಂದ ಹೊರಬಂದಾಗ ವಯಸ್ಸು 32, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆದದ್ದು ಸುಧಾರಣಾ ಶಾಲೆ ಮತ್ತು ಸೆರೆಮನೆಗಳಲ್ಲಿ. ಗಿಟಾರ್ ಕಲಿತದ್ದು ಜೈಲಿನಲ್ಲಿ. ಜನರನ್ನು ಒಲಿಸಿಕೊಳ್ಳುವ ಕಲೆ, ಸೈಂಟಾಲಜಿ ಎಂಬ ಹೊಸ ಪಂಥದ ಚೂರುಪಾರು, ತಲೆಹಿಡುಕರ ಉಪಾಯಗಳು, ಎಲ್ಲವೂ ಅಲ್ಲಿನ ಗಳಿಕೆ. ಹೊರಗೆ ಬಂದವನಿಗೆ ಹೇಟ್-ಆ್ಯಶ್ಬರಿಯಲ್ಲಿ ಸಿಕ್ಕಿದ್ದು ಯಾರನ್ನೂ ‘ನೀನು ಯಾರು, ಎಲ್ಲಿಂದ ಬಂದೆ’ ಎಂದು ಕೇಳದ ಒಂದು ಲೋಕ. ಹಿಪ್ಪಿಗಳ ಹೊಣೆ ಇರುವುದು ಅಲ್ಲೇ, ಆ ತೆರೆದ ಬಾಗಿಲಿನಲ್ಲಿ. ಇದನ್ನು ಬರೆದರೆ ಲೇಖನಕ್ಕೆ ತೂಕ ಬರುತ್ತದೆ. ಅವನಿಗೆ ಬೇಕಾಗಿದ್ದದ್ದು ಮೋಕ್ಷವೂ ಅಲ್ಲ, ಕ್ರಾಂತಿಯೂ ಅಲ್ಲ, ಗಾಯಕನಾಗಿ ಹೆಸರು. ಬೀಚ್ ಬಾಯ್ಸ್ ಸಂಗೀತ ತಂಡದ ಡೆನಿಸ್ ವಿಲ್ಸನ್‌ನ ಮನೆಯಲ್ಲಿ 1968ರಲ್ಲಿ ಬೀಡುಬಿಟ್ಟ. ಅವನ ಒಂದು ಹಾಡನ್ನು ಆ ತಂಡ ತಿದ್ದಿ, ಅವನ ಹೆಸರು ಹಾಕದೆ ಹೊರತಂದಿತು. ಅವನಿಗೆ ಧ್ವನಿಮುದ್ರಣದ ಒಪ್ಪಂದ ಕೊಡದ ಸಂಗೀತ ನಿರ್ಮಾಪಕ ಟೆರ್ರಿ ಮೆಲ್ಚರ್ ಹಿಂದೆ ವಾಸವಿದ್ದದ್ದು ಸಿಯೆಲೊ ಡ್ರೈವ್‌ನ ಅದೇ ಮನೆಯಲ್ಲಿ. ಇದೆಲ್ಲ ನಿಮಗೆ ಗೊತ್ತಿದೆ, ಅಡಿಟಿಪ್ಪಣಿಯಲ್ಲಿ ಹಾಕಿದ್ದೀರಿ. ಮೇಲಕ್ಕೆ ತನ್ನಿ.

ಒಂದು ದೊಡ್ಡ ತಪ್ಪು. ‘ಏಳು ಜನರನ್ನು ಮ್ಯಾನ್ಸನ್ ತನ್ನ ಕೈಯಾರೆ ಇರಿದು ಕೊಂದ’ ಎಂದಿದ್ದೀರಿ. ಮೊದಲ ರಾತ್ರಿ ಕೊಲೆ ನಡೆಯುವಾಗ ಅವನು ಆ ಮನೆಯಲ್ಲಿ ಇರಲೇ ಇಲ್ಲ. ಎರಡನೆಯ ರಾತ್ರಿ, ಕೊಲೆಯಾದ ಏಳು ಜನರಲ್ಲಿ ಉಳಿದಿಬ್ಬರಾದ ಲಾಬಿಯಾಂಕಾ ದಂಪತಿಯನ್ನು ಕಟ್ಟಿಹಾಕುವಲ್ಲಿ ಇದ್ದು, ಕೊಲ್ಲುವ ಕೆಲಸವನ್ನು ಇತರರಿಗೆ ಬಿಟ್ಟು ಹೊರಟುಹೋದ. ಕೊಂದವರು ಟೆಕ್ಸಾಸಿನ ಶಾಲೆಯೊಂದರಲ್ಲಿ ಕ್ರೀಡಾಪಟುವಾಗಿದ್ದ 23ರ ಚಾರ್ಲ್ಸ್ ವಾಟ್ಸನ್, 21ರ ಸೂಸನ್ ಅಟ್ಕಿನ್ಸ್, ವಿಮಾ ಕಂಪನಿಯ ಗುಮಾಸ್ತೆಯಾಗಿದ್ದ 21ರ ಪೆಟ್ರೀಷಿಯಾ ಕ್ರೆನ್ವಿಂಕಲ್, ಮತ್ತು ಎರಡನೆಯ ರಾತ್ರಿ ಅವರ ಜೊತೆ ಹೋದ 19ರ ಲೆಸ್ಲಿ ವಾನ್ ಹೌಟನ್. ಕ್ರೆನ್ವಿಂಕಲ್ ಮ್ಯಾನ್ಸನ್‌ನ ಬೆನ್ನು ಹತ್ತಿ ಹೊರಟಾಗ ಕಾರನ್ನು ಪಾರ್ಕಿಂಗ್ ಜಾಗದಲ್ಲೇ ಬಿಟ್ಟಿದ್ದಳು, ಬಾಕಿ ಸಂಬಳವನ್ನೂ ತೆಗೆದುಕೊಂಡಿರಲಿಲ್ಲ. ಇಂಥ ಹುಡುಗಿ ಎರಡು ವರ್ಷದಲ್ಲಿ ಆ ಮನೆಯ ಬಾಗಿಲಿಗೆ ಚಾಕು ಹಿಡಿದು ಬಂದದ್ದು ಹೇಗೆ? ನೀವು ಉತ್ತರಿಸಬೇಕಾದ ಪ್ರಶ್ನೆ ಇದು. ಅದರ ಬದಲು ‘ರಾಕ್ಷಸ’, ‘ನರರೂಪದ ಪಿಶಾಚಿ’, ‘ರಕ್ತಪಿಪಾಸು’ ಎಂದು ಪುಟಕ್ಕೆ ನಾಲ್ಕು ಬಾರಿ ಬೈದಿದ್ದೀರಿ. ಬೈಗುಳ ಬಂದ ಕಡೆಯೆಲ್ಲ ವಿಚಾರ ನಿಂತುಹೋಗಿದೆ, ನೀವೇ ಕೆಂಪು ಶಾಯಿಯಲ್ಲಿ ಗುರುತಿಸಿ ನೋಡಿ. ಪಿಶಾಚಿಯೇ ಆಗಿದ್ದರೆ ವಿವರಿಸಲು ಏನೂ ಉಳಿಯುವುದಿಲ್ಲ.

ಸತ್ತವರ ವಿಷಯಕ್ಕೆ ಬರೋಣ. ಶರೋನ್ ಟೇಟ್ ತುಂಬು ಗರ್ಭಿಣಿಯಾಗಿದ್ದಳು ಎಂಬುದನ್ನು ಐದು ಕಡೆ ಹೇಳಿದ್ದೀರಿ, ಪ್ರತಿ ಸಲವೂ ಉದ್ಗಾರ ಚಿಹ್ನೆಯೊಂದಿಗೆ. ಮಿಕ್ಕವರು ‘ಹಾಗೂ ಇತರ ಅತಿಥಿಗಳು’. ಅವರಲ್ಲಿ ಒಬ್ಬ ಅತಿಥಿಯೇ ಆಗಿರಲಿಲ್ಲ. 18 ವರ್ಷದ ಸ್ಟೀವನ್ ಪೇರೆಂಟ್ ಆ ರಾತ್ರಿ ಬಂದದ್ದು ಕಾವಲು ಹುಡುಗನಿಗೆ ಒಂದು ಗಡಿಯಾರ-ರೇಡಿಯೋ ಮಾರಲು. ವ್ಯಾಪಾರ ಕುದುರಲಿಲ್ಲ. ವೈರು ಕಿತ್ತು, ರೇಡಿಯೋವನ್ನು ಬಗಲಿಗೆ ಹಾಕಿಕೊಂಡು ಕಾರು ಹತ್ತಿ ಗೇಟಿನ ಹತ್ತಿರ ಬರುವಷ್ಟರಲ್ಲಿ ವಾಟ್ಸನ್ ಎದುರಾಗಿ ಗುಂಡು ಹಾರಿಸಿದ. ಪೊಲೀಸರಿಗೆ ಕಾರಿನಲ್ಲಿ ಸಿಕ್ಕಿದ ಆ ಗಡಿಯಾರ 12.15ಕ್ಕೆ ನಿಂತಿತ್ತು. ದೊಡ್ಡವರ ಮನೆಯ ಕೊಲೆ ಎಂದು ಲೋಕ ಮಾತಾಡಿದ ಪ್ರಕರಣದಲ್ಲಿ ಮೊದಲು ಸತ್ತವನು ಕಾಲೇಜಿನ ಖರ್ಚಿಗೆ ದುಡ್ಡು ಕೂಡಿಸುತ್ತಿದ್ದ ಹುಡುಗ.

ಲಾಬಿಯಾಂಕಾ ದಂಪತಿಯನ್ನೂ ನೀವು ಒಂದೇ ಉಸಿರಿನಲ್ಲಿ ಮುಗಿಸಿದ್ದೀರಿ. ರಜೆ ಮುಗಿಸಿ ಬರುತ್ತಿದ್ದ ಅವರು ನಡುರಾತ್ರಿ ದಾಟಿದ ಮೇಲೆ ದಾರಿಯ ಪತ್ರಿಕೆ ಅಂಗಡಿಯಲ್ಲಿ ಕಾರು ನಿಲ್ಲಿಸಿ ಪೇಪರ್ ಕೊಂಡರು, ಹಿಂದಿನ ರಾತ್ರಿಯ ಕೊಲೆಗಳ ಬಗ್ಗೆ ಅಂಗಡಿಯವನೊಂದಿಗೆ ಒಂದಷ್ಟು ಮಾತಾಡಿ ಮನೆಗೆ ಹೋದರು. ನಾನಾಗಿದ್ದರೆ ಲೇಖನವನ್ನು ಇಲ್ಲಿಂದ ಆರಂಭಿಸುತ್ತಿದ್ದೆ.

ಕೊಲೆಗೆ ಕಾರಣ ಏನೆಂಬುದರಲ್ಲಿ ನೀವು ಸರ್ಕಾರಿ ವಕೀಲ ವಿನ್ಸೆಂಟ್ ಬುಗ್ಲಿಯೋಸಿಯ ವಾದವನ್ನು ಪ್ರಶ್ನಿಸದೆ ನುಂಗಿದ್ದೀರಿ: ಬೀಟಲ್ಸ್ ಹಾಡುಗಳಲ್ಲಿ ಕಪ್ಪು-ಬಿಳಿಯರ ಮಹಾಯುದ್ಧದ ಸೂಚನೆ ಕೇಳಿಸಿತು, ಅದನ್ನು ಹೊತ್ತಿಸಲು ಮ್ಯಾನ್ಸನ್ ಕೊಲೆ ಮಾಡಿಸಿದ. ಲಾಬಿಯಾಂಕಾ ಮನೆಯ ಫ್ರಿಜ್ ಮೇಲೆ ರಕ್ತದಲ್ಲಿ ತಪ್ಪು ಕಾಗುಣಿತದಲ್ಲಿ ಬರೆದಿದ್ದ ‘ಹೆಲ್ಟರ್ ಸ್ಕೆಲ್ಟರ್’ ಎಂಬ ಬೀಟಲ್ಸ್ ಹಾಡಿನ ಹೆಸರು ಆ ವಾದಕ್ಕೆ ಸಾಕ್ಷಿ. ನ್ಯಾಯದರ್ಶಿಗಳು ಒಪ್ಪಿದರು, ನಿಜ. ಆದರೆ ಜುಲೈ ಕೊನೆಯಲ್ಲೇ ಅದೇ ಗುಂಪಿನ ಬಾಬಿ ಬೊಸೊಲೇ ಸಂಗೀತ ಶಿಕ್ಷಕ ಗ್ಯಾರಿ ಹಿನ್‌ಮನ್‌ನನ್ನು ಕೊಂದು ಗೋಡೆಯ ಮೇಲೆ ರಕ್ತದಲ್ಲಿ ಬರೆದಿದ್ದ, ಆಗಸ್ಟ್ 6ರಂದು ಸಿಕ್ಕಿಬಿದ್ದಿದ್ದ. ಅವನು ಒಳಗಿರುವಾಗಲೇ ಅದೇ ಬಗೆಯ ಕೊಲೆ ನಡೆದರೆ ಅವನ ಮೇಲಿನ ಶಂಕೆ ಸರಿಯುತ್ತದೆ ಎಂಬ ಲೆಕ್ಕಾಚಾರವಿತ್ತೆಂದು ಗುಂಪಿನವರೇ ಕೆಲವರು ಹೇಳಿದ್ದಾರೆ. ಎರಡನ್ನೂ ಓದುಗರ ಮುಂದಿಡಿ. ಅಂದ ಹಾಗೆ ಆ ಹಾಡಿದ್ದ ಬೀಟಲ್ಸ್ ಆಲ್ಬಮ್ಮಿನ ಅನೇಕ ಹಾಡುಗಳು ಹುಟ್ಟಿದ್ದು 1968ರಲ್ಲಿ ಹೃಷಿಕೇಶದ ಮಹರ್ಷಿ ಮಹೇಶ ಯೋಗಿಗಳ ಆಶ್ರಮದಲ್ಲಿ. ಭಾರತದ ನಂಟು ಹುಡುಕಿ ನೀವು ಕೊನೆಯಲ್ಲಿ ಓಶೋ ಅವರನ್ನು ಎಳೆದು ತಂದಿದ್ದೀರಿ. ಬೇಕಿರಲಿಲ್ಲ, ನಿಜವಾದ ನಂಟು ಕಾಲಬುಡದಲ್ಲೇ ಇತ್ತು.

‘ಚಾಣಾಕ್ಷ ಪೊಲೀಸರು ಬೆನ್ನಟ್ಟಿ ಹಿಡಿದರು’ ಎಂಬ ವಾಕ್ಯ ಓದಿ ನಗು ಬಂತು. ಆಗಸ್ಟ್ 16ರಂದು ವಾಹನ ಕಳವಿನ ಸಂಬಂಧ ಸ್ಪಾನ್ ರಾಂಚ್ ಮೇಲೆ ದಾಳಿಯಾಗಿ ಇಡೀ ಗುಂಪು ಸಿಕ್ಕಿತ್ತು, ವಾರಂಟಿನ ತಾರೀಖು ತಪ್ಪಿದ್ದರಿಂದ ಬಿಡುಗಡೆಯಾಯಿತು. ಸೆಪ್ಟೆಂಬರ್ 1ರಂದು ಹತ್ತು ವರ್ಷದ ಹುಡುಗನೊಬ್ಬ ಗುಡ್ಡದ ಇಳಿಜಾರಿನಲ್ಲಿ ಸಿಕ್ಕಿದ, ಮೊದಲ ರಾತ್ರಿಯ ಕೊಲೆಗೆ ಬಳಸಿದ್ದ ರಿವಾಲ್ವರನ್ನು ಪೊಲೀಸರಿಗೆ ಒಪ್ಪಿಸಿದ. ಅದೇ ಮಾದರಿಯ ರಿವಾಲ್ವರಿಗಾಗಿ ಇಲಾಖೆ ದೇಶವಿಡೀ ಸುತ್ತೋಲೆ ಕಳಿಸುತ್ತಿದ್ದಾಗ ಅದು ಅವರದೇ ಠಾಣೆಯಲ್ಲಿ ಡಿಸೆಂಬರ್ ತನಕ ಮಲಗಿತ್ತು. ಅಕ್ಟೋಬರ್‌ನಲ್ಲಿ ಡೆತ್ ವ್ಯಾಲಿಯ ಬಾರ್ಕರ್ ರಾಂಚ್‌ನಲ್ಲಿ ಮ್ಯಾನ್ಸನ್‌ನನ್ನು ಹಿಡಿದದ್ದೂ ಕೊಲೆಗಾಗಿ ಅಲ್ಲ. ಬಚ್ಚಲ ಸಿಂಕಿನ ಕೆಳಗಿನ ಪುಟ್ಟ ಕಪಾಟಿನಿಂದ ಕೂದಲು ಹೊರಗೆ ಇಣುಕುತ್ತಿದ್ದದ್ದು ಅಧಿಕಾರಿಯ ಕಣ್ಣಿಗೆ ಬಿತ್ತು, ಅಷ್ಟೇ. ಗುಟ್ಟು ಒಡೆದದ್ದು ಅಟ್ಕಿನ್ಸ್ ಜೈಲಿನಲ್ಲಿ ಜೊತೆಯವರ ಮುಂದೆ ಕೊಚ್ಚಿಕೊಂಡಾಗ.

ವಿಚಾರಣೆಯ ಭಾಗವನ್ನು ಅರ್ಧಕ್ಕೆ ಇಳಿಸಿ. 1970ರ ಆಗಸ್ಟ್‌ನಲ್ಲಿ ಅಧ್ಯಕ್ಷ ನಿಕ್ಸನ್ ತೀರ್ಪಿಗೆ ಮೊದಲೇ ಮ್ಯಾನ್ಸನ್ ತಪ್ಪಿತಸ್ಥನೆಂದು ಹೇಳಿ, ಮರುದಿನ ಮ್ಯಾನ್ಸನ್ ಆ ಶೀರ್ಷಿಕೆಯ ಪತ್ರಿಕೆಯನ್ನೇ ನ್ಯಾಯದರ್ಶಿಗಳಿಗೆ ಎತ್ತಿ ತೋರಿಸಿದ ಪ್ರಸಂಗ ಮಾತ್ರ ಪೂರ್ತಿ ಇರಲಿ.

ಪರಿಷ್ಕರಿಸಿದ ಪ್ರತಿ 2,500 ಪದ ಮೀರದಿರಲಿ. ಗಾಯಗಳ ಎಣಿಕೆ ಬೇಡ, ಶವಗಳ ಫೋಟೋ ಖಂಡಿತ ಬೇಡ. ಶೀರ್ಷಿಕೆ ಬದಲಿಸಿ, ‘ರಕ್ತದೋಕುಳಿ’ ಚುನಾವಣಾ ಗಲಭೆಗಳ ವರದಿಯಲ್ಲೇ ಸವೆದುಹೋಗಿದೆ. ಕೊನೆಯದಾಗಿ ಎರಡು ಸಣ್ಣ ತಿದ್ದುಪಡಿ: ಲಾಬಿಯಾಂಕಾ ದಂಪತಿಯ ಮನೆ ಇದ್ದದ್ದು ಬೆವರ್ಲಿ ಹಿಲ್ಸ್‌ನಲ್ಲಲ್ಲ, ಲಾಸ್ ಫೆಲಿಜ್‌ನಲ್ಲಿ. ಮ್ಯಾನ್ಸನ್‌ನನ್ನು ಗಲ್ಲಿಗೇರಿಸಲಿಲ್ಲ. 1971ರಲ್ಲಿ ವಿಧಿಸಿದ ಮರಣದಂಡನೆ, ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನೇ ರದ್ದುಪಡಿಸಿದ್ದರಿಂದ 1972ರಲ್ಲಿ ಜೀವಾವಧಿಯಾಯಿತು. ಅವನು 2017ರ ನವೆಂಬರ್‌ನಲ್ಲಿ, 83ನೆಯ ವಯಸ್ಸಿನಲ್ಲಿ, ಕೈದಿಯಾಗಿಯೇ ಸತ್ತ.

ಇಂತು,
ಸಂಪಾದಕ